‘ಶಾಸಕ’ ಶಬ್ದವಿಚಾರ: ವಿಧಾನಸಭೆಯ ಪರಿಭಾಷೆಯ ಒಂದು ವಿಮರ್ಶೆ

ಯಾವ ಶಾಸ್ತ್ರಕ್ಕಾದರೂ ಪರಿಭಾಷೆಯೇ ಪ್ರವೇಶದ್ವಾರವು. ವ್ಯಾಕರಣ, ನ್ಯಾಯ, ಮೀಮಾಂಸೆಗಳಲ್ಲಿ ಸಂಜ್ಞಾಶಬ್ದಗಳನ್ನು ಎಷ್ಟು ಎಚ್ಚರದಿಂದ ಶೋಧಿಸುತ್ತೇವೆಯೋ ಅಷ್ಟೇ ಎಚ್ಚರವನ್ನು ರಾಜ್ಯವ್ಯವಹಾರದ ಶಬ್ದಗಳ ವಿಷಯದಲ್ಲಿ ನಮ್ಮ ವಿದ್ವಾಂಸರು ವಹಿಸಿದಂತೆ ತೋರುವುದಿಲ್ಲ. ಅವು ಭಾಷಾಂತರಕಾರರ ಮತ್ತು ಪತ್ರಿಕಾಕರ್ತರ ಪಾಲಿಗೆ ಬಿಡಲ್ಪಟ್ಟಿವೆ. ಆದರೆ ಈ ಶಬ್ದಗಳೇ ಜನರ ಬಾಯಲ್ಲಿ ದಿನವೂ ಆಡುವಂಥವು. ಅವುಗಳ ಗುಣದೋಷಗಳು ಜನರ ತಿಳಿವಳಿಕೆಯ ಗುಣದೋಷಗಳಾಗಿ ಪರಿಣಮಿಸುವುವು. ಆದಕಾರಣ ನಮ್ಮ ರಾಜ್ಯದ ಶಾಸನಾಂಗದ ಕೆಳಮನೆಯಾದ ವಿಧಾನಸಭೆಯ ಕೆಲವು ಪಾರಿಭಾಷಿಕ ಶಬ್ದಗಳನ್ನು, ಮುಖ್ಯವಾಗಿ ‘ಶಾಸಕ’ ಎಂಬುದನ್ನು, ಇಲ್ಲಿ ಪರೀಕ್ಷಿಸಲಾಗುವುದು.

ಮೊದಲು ವಸ್ತುಸ್ವರೂಪವನ್ನು ಹೇಳಬೇಕು. ಕರ್ನಾಟಕದ ವಿಧಾನಸಭೆಗೆ ಜನರಿಂದ ನೇರವಾಗಿ ಆರಿಸಲ್ಪಡುವ ಸದಸ್ಯರು ೨೨೪ ಮಂದಿ. ಸಭೆಯ ಅವಧಿ ಐದು ವರ್ಷ. ೨೦೦೮ರಿಂದ ಜಾರಿಯಲ್ಲಿರುವ ಕ್ಷೇತ್ರವಿಂಗಡಣೆಯಂತೆ ೩೬ ಸ್ಥಾನಗಳು ಪರಿಶಿಷ್ಟ ಜಾತಿಗಳಿಗೂ ೧೫ ಸ್ಥಾನಗಳು ಪರಿಶಿಷ್ಟ ಪಂಗಡಗಳಿಗೂ ಮೀಸಲಾಗಿವೆ. ಉಡುಪಿ ಜಿಲ್ಲೆಗೆ ಐದು ಕ್ಷೇತ್ರಗಳು: ಬೈಂದೂರು, ಕುಂದಾಪುರ, ಉಡುಪಿ, ಕಾಪು, ಕಾರ್ಕಳ, ಇವು ರಾಜ್ಯದ ಪಟ್ಟಿಯಲ್ಲಿ ೧೧೮ರಿಂದ ೧೨೨ರವರೆಗಿನ ಸಂಖ್ಯೆಗಳು. ಮಣಿಪಾಲವು ಉಡುಪಿ ಕ್ಷೇತ್ರದಲ್ಲಿ ಅಂತರ್ಗತವು. ೭೫ ಮಂದಿಯ ವಿಧಾನ ಪರಿಷತ್ತು ಮೇಲ್ಮನೆ. ಸಂವಿಧಾನದ ೧೬೮ನೆಯ ಅನುಚ್ಛೇದದ ಪ್ರಕಾರ ರಾಜ್ಯಪಾಲರೂ ಈ ಎರಡು ಸದನಗಳೂ ಸೇರಿಯೇ ಶಾಸನಾಂಗವು. ಈ ಮೂರರಲ್ಲಿ ಯಾವೊಂದೂ ತಾನೊಂದೇ ಶಾಸನಾಂಗವಲ್ಲ. ಬಿಡಿಯಾದ ಸದಸ್ಯನಂತೂ ಅಲ್ಲವೇ ಅಲ್ಲ. ಈ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು.

ಈ ಪರಿಭಾಷೆಯಲ್ಲಿ ಗುಣವೇ ಹೆಚ್ಚೆಂಬುದನ್ನು ಮೊದಲಿಗೆ ಒಪ್ಪಬೇಕು. ಸಭೆಯ ಮುಖ್ಯಸ್ಥನಿಗೆ ಇಂಗ್ಲಿಷಿನಲ್ಲಿ ‘ಮಾತಾಡುವವನು’ ಎಂಬರ್ಥದ ಹೆಸರು. ಹಿಂದೆ ಅಲ್ಲಿ ಅವನು ಸಾಮಾನ್ಯರ ಪರವಾಗಿ ದೊರೆಯ ಮುಂದೆ ಮಾತಾಡುತ್ತಿದ್ದುದರಿಂದ ಆ ಹೆಸರು ಬಂದಿತು. ಕನ್ನಡದ ‘ಸಭಾಧ್ಯಕ್ಷ’ ಶಬ್ದವು ಮೇಲಿದ್ದು ನೋಡಿಕೊಳ್ಳುವವನೆಂಬ ಅರ್ಥವನ್ನು ಕೊಡುವುದರಿಂದ ಇಂದಿನ ಕಾರ್ಯಕ್ಕೆ ಮೂಲಕ್ಕಿಂತಲೂ ಒಪ್ಪುವುದು. ಪರಿಷತ್ತಿನ ಮುಖ್ಯಸ್ಥನನ್ನು ‘ಸಭಾಪತಿ’ ಎಂದು ಬೇರ್ಪಡಿಸಿರುವುದೂ ಯುಕ್ತವೇ. ‘ಮಂಡನೆ’ ಎಂಬ ಶಬ್ದ ಇನ್ನೂ ಸೊಗಸಾದುದು. ಶಾಸ್ತ್ರಗೋಷ್ಠಿಯಲ್ಲಿ ಮಂಡನವೆಂದೊಡನೆ ಖಂಡನವು ಆಕಾಂಕ್ಷಿತವಾಗುವುದು. ಹಾಗೆಯೇ ವಿಧೇಯಕವು ಮಂಡನೆಯಾದ ಮೇಲೆ ಪರ್ಯಾಲೋಚನೆ, ಅಂದರೆ ಸುತ್ತಲೂ ನೋಡಿ ವಿಚಾರಿಸುವುದು, ಆ ಬಳಿಕ ಅಂಗೀಕಾರ. ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತಗಳೆಂಬ ಅಧಿಕರಣಕ್ರಮವನ್ನು ಬಲ್ಲವರಿಗೆ ಈ ಕ್ರಮವು ಅಪರಿಚಿತವಾಗಿ ತೋರದು.

‘ಕಡತ’ವೆಂಬುದನ್ನು ನೋಡಿರಿ. ಸಭಾಧ್ಯಕ್ಷರು ಅಸಭ್ಯವಾದ ಮಾತನ್ನು ‘ಕಡತದಿಂದ ತೆಗೆಯಿರಿ’ ಎಂದು ಆಜ್ಞಾಪಿಸುವರು. ಇದ್ದಿಲು ಬೆರೆಸಿದ ಸರಿಯನ್ನು ಬಟ್ಟೆಗೆ ಬಳಿದು, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪೂರ್ವಕಾಲದ ಪುಸ್ತಕವೇ ಕಡತ. ಅದರಲ್ಲಿ ಬರೆದುದನ್ನು ಒರೆಸಿ ತೆಗೆಯಬಹುದಾಗಿತ್ತು. ಇನ್ನು ವಿಧೇಯಕಕ್ಕೆ ಪರ್ಯಾಯವಾದ ‘ಮಸೂದೆ’ಯು ಅರಬ್ಬಿಯಲ್ಲಿ ‘ಕಪ್ಪುಮಾಡಿದ’ ಕರಡೆಂಬ ಅರ್ಥದ್ದು. ಇಂಥ ಶಬ್ದಗಳು ದೇಶ್ಯವಾಗಲಿ ಅನ್ಯದೇಶ್ಯವಾಗಲಿ ಕನ್ನಡದಲ್ಲಿ ನೆಲೆನಿಂತು ಯಾರನ್ನೂ ದಾರಿತಪ್ಪಿಸದೆ ಕೆಲಸಮಾಡುತ್ತಿವೆ. ಅವುಗಳ ವಿಷಯದಲ್ಲಿ ನಮ್ಮ ಆಕ್ಷೇಪವಿಲ್ಲ.

ಆಕ್ಷೇಪವಿರುವುದು ‘ಶಾಸಕ’ ಶಬ್ದದಲ್ಲಿ. ‘ಶಾಸ್’ ಧಾತುವಿಗೆ ಅನುಶಿಷ್ಟಿ, ಅಂದರೆ ಆಜ್ಞಾಪಿಸುವುದು ಅಥವಾ ಉಪದೇಶಿಸುವುದು, ಅರ್ಥ. ಅದರ ಮೇಲೆ ಕರ್ತೃವಾಚಕ ಪ್ರತ್ಯಯ ಬಂದು ಶಾಸಕ ಎಂದಾಯಿತು: ಆಳುವವನು, ವಿಧಿಸುವವನು. ಈ ಶಬ್ದವು ಒಂಟಿಯಾಗಿ ನಿಲ್ಲದು. ಶಾಸಕನಿದ್ದಲ್ಲಿ ಶಾಸಿತನೊಬ್ಬನಿರಲೇಬೇಕು. ‘ಕಾಪುವಿನ ಶಾಸಕ’, ‘ಕಾರ್ಕಳದ ಶಾಸಕ’ ಎಂದು ಷಷ್ಠೀವಿಭಕ್ತಿಯನ್ನು ಹತ್ತಿಸಿದೊಡನೆ ಆ ಊರಿನ ಜನರೇ ಶಾಸಿತರಾಗಿ ನಿಲ್ಲುವರು. ಯಾರು ಮತಕೊಟ್ಟು ಕಳುಹಿದರೋ ಅವರೇ ಆಳಲ್ಪಡುವವರೆಂದು ವ್ಯಾಕರಣವೇ ಸಾರಿದಂತಾಯಿತು.

ಕಾರ್ಕಳದ ನಿದರ್ಶನವೇ ಈ ಭೇದವನ್ನು ತಿಳಿಯಲು ಸಾಕು. ಕ್ರಿ.ಶ. ೧೪೩೨ರಲ್ಲಿ ಅಲ್ಲಿಯ ಬೆಟ್ಟದ ಮೇಲೆ ಗೊಮ್ಮಟಮೂರ್ತಿಯನ್ನು ಪ್ರತಿಷ್ಠಾಪಿಸಿದ ವೀರಪಾಂಡ್ಯ ಭೈರರಸನು ನಿಜಾರ್ಥದಲ್ಲಿ ಶಾಸಕನು. ಅವನ ಮಾತೇ ಶಿಲೆಯಲ್ಲಿ ಶಾಸನವಾಯಿತು. ಅದೇ ಕಾರ್ಕಳದಿಂದ ಆರಿಸಲ್ಪಟ್ಟು ೧೯೯೨ರಿಂದ ೧೯೯೪ರವರೆಗೆ ಮುಖ್ಯಮಂತ್ರಿಗಳಾಗಿದ್ದ, ಕವಿಗಳೂ ಆದ ವೀರಪ್ಪ ಮೊಯಿಲಿಯವರ ಮಂತ್ರಿಮಂಡಲವಾದರೋ ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯಾಗಿತ್ತು. ಸಭೆಯ ವಿಶ್ವಾಸ ತಪ್ಪಿದರೆ ಯಾವ ಮಂತ್ರಿಮಂಡಲವೂ ನಿಲ್ಲದು. ಮುಖ್ಯಮಂತ್ರಿಯ ಸ್ಥಿತಿಯೇ ಹೀಗಿರುವಲ್ಲಿ ಇತರ ಸದಸ್ಯನು ಒಬ್ಬನೇ ಯಾರನ್ನು ಶಾಸಿಸಬಲ್ಲನು? ಆಜ್ಞಾಪಿಸುವ ಶಕ್ತಿ ಸಭೆಗುಂಟು. ಸದಸ್ಯನಿಗೆ ಕೇಳುವ, ವಾದಿಸುವ, ಮತಹಾಕುವ ಅಧಿಕಾರಗಳುಂಟು.

ಇಲ್ಲಿ ಪೂರ್ವಪಕ್ಷವೊಂದು ಏಳಬಹುದು. ಯೋಗಾರ್ಥಕ್ಕಿಂತ ರೂಢ್ಯರ್ಥವೇ ಪ್ರಬಲವಲ್ಲವೆ? ಸುಧೆ, ಎಂದರೆ ಸುಣ್ಣದ ಗಾರೆ, ಬಳಿದುದು ಸೌಧ. ಆದರೆ ೧೯೫೬ರಲ್ಲಿ ಮುಗಿದ ಬೆಂಗಳೂರಿನ ವಿಧಾನಸೌಧವು ಕಲ್ಲಿನದು. ಅಷ್ಟಕ್ಕೇ ಆ ಹೆಸರನ್ನು ಬಿಡುವೆವೇ ಎಂದು. ಸಮಾಧಾನವೇನೆಂದರೆ, ಸೌಧದ ಯೋಗಾರ್ಥವು ಲೋಕಕ್ಕೆ ಮರೆತುಹೋಗಿದೆ, ಆದುದರಿಂದ ಬಾಧಕವಿಲ್ಲ. ಶಾಸಕದ ಯೋಗಾರ್ಥವು ಮರೆತುಹೋಗಿಲ್ಲ. ಶಾಸನ, ಅನುಶಾಸನ, ಶಾಸ್ತಿ ಎಂಬ ಅದೇ ಧಾತುವಿನ ಶಬ್ದಗಳು ಬಳಕೆಯಲ್ಲಿ ಜೀವಂತವಾಗಿದ್ದು ಅದನ್ನು ಎಚ್ಚರಿಸುತ್ತಲೇ ಇವೆ. ಇನ್ನು ‘ಶಾಸನವನ್ನು ಮಾಡುವವನೇ ಶಾಸಕ’ ಎಂಬ ಸಮರ್ಥನೆಯನ್ನು ಒಪ್ಪಿದರೂ, ಶಾಸನವನ್ನು ಮಾಡುವುದು ಸಭೆಯೇ ಹೊರತು ಬಿಡಿ ಸದಸ್ಯನಲ್ಲವಾದ್ದರಿಂದ ದೋಷವು ಪರಿಹಾರವಾಗದು.

ನೆರೆಯ ಭಾಷೆಗಳನ್ನು ನೋಡೋಣ. ತೆಲುಗರು ‘ಶಾಸನಸಭ್ಯುಡು’ ಎನ್ನುವರು. ಕಾಸರಗೋಡಿನ ನಮ್ಮ ಕನ್ನಡಿಗರು ದಿನವೂ ಕೇಳುವ ಮಲಯಾಳದಲ್ಲಿ ‘ನಿಯಮಸಭಾಂಗಂ’. ತಮಿಳಿನಲ್ಲಿಯೂ ಶಾಸನಸಭೆಯ ‘ಉರುಪ್ಪಿನರ್’, ಎಂದರೆ ಅಂಗವಾದವರು. ಈ ಮೂರರಲ್ಲಿಯೂ ಸಭೆಯು ಮುಂದು, ವ್ಯಕ್ತಿಯು ಅದರ ಅಂಗ. ಹಿಂದಿಯ ‘ವಿಧಾಯಕ’ ಶಬ್ದವು ವ್ಯಕ್ತಿಯನ್ನೇ ಹೇಳಿದರೂ ವಿಧಿಸುವ ಕಾರ್ಯವನ್ನು ಸೂಚಿಸುವುದು, ಆಳುವುದನ್ನಲ್ಲ. ಕನ್ನಡದಲ್ಲಿ ಮಾತ್ರ ಸಭೆಯು ಮರೆಯಾಗಿ ಪ್ರಭುತ್ವವು ಮುಂದಾಗಿದೆ.

ಇದು ಬರಿಯ ಶಬ್ದಜಗಳವೆಂದು ತಿಳಿಯಬಾರದು. ಮನೆಯ ಮುಂದಿನ ಚರಂಡಿ, ಬೀದಿಯ ದೀಪ, ಓಣಿಯ ರಸ್ತೆ ಇವು ಕಾಪು, ಕಾರ್ಕಳಗಳಲ್ಲಿ ಪುರಸಭೆಯ, ಮಣಿಪಾಲವೂ ಸೇರಿದ ಉಡುಪಿಯಲ್ಲಿ ನಗರಸಭೆಯ, ಹಳ್ಳಿಗಳಲ್ಲಿ ಗ್ರಾಮ ಪಂಚಾಯತಿಯ ಕೆಲಸಗಳು. ಆದರೂ ಜನರು ಇವೆಲ್ಲವನ್ನೂ ‘ಶಾಸಕ’ರಲ್ಲಿ ಬೇಡುವರು, ಆಳುವವನಲ್ಲಿ ಬೇಡುವುದು ಸಹಜವಾದ್ದರಿಂದ. ಸದನದ ಪರಿಭಾಷೆಯಾದರೋ ಇದಕ್ಕೆ ತಿರುಗುಮುರುಗು. ಅಲ್ಲಿ ಸರಕಾರವೇ ಖರ್ಚಿಗಾಗಿ ‘ಅನುದಾನದ ಬೇಡಿಕೆ’ಗಳನ್ನು ಮುಂದಿಡಬೇಕು, ಅವುಗಳಿಗೆ ಮತಕೊಡುವ ಅಧಿಕಾರವು ವಿಧಾನಸಭೆಯೊಂದಕ್ಕೇ ಇದೆ, ಪರಿಷತ್ತಿಗೂ ಇಲ್ಲ. ಬೇಡುವವರು ಮಂತ್ರಿಗಳು, ಕೊಡುವವರು ಜನರ ಪರವಾದ ಸಭಾಸದರು. ಆ ಹಣದ ಲೆಕ್ಕವನ್ನು ಅವನು ಸದನದಲ್ಲಿ ಎಷ್ಟು ಕೇಳಿದನೆಂಬುದರ ಮೇಲೆ ಸದಸ್ಯನ ಯೋಗ್ಯತೆಯನ್ನು ಅಳೆಯಬೇಕಾದವರು ಅವನು ಹಾಕಿಸಿದ ರಸ್ತೆಯ ಉದ್ದದಿಂದ ಅಳೆಯುವಂತಾಗಿದೆ.

ಇದೇ ಮರೆವು ‘ಸಚೇತಕ’ ಶಬ್ದದ ಹಿಂದೆಯೂ ಅಡಗಿದೆ. ಇಂಗ್ಲಿಷಿನ ಮೂಲಶಬ್ದವು ಬೇಟೆಯಲ್ಲಿ ನಾಯಿಗಳು ಚದರದಂತೆ ಚಾಟಿ ಹಿಡಿದು ಕಾಯುವವನಿಂದ ಬಂದುದು. ಕನ್ನಡವು ಅದನ್ನು ಎಚ್ಚರಿಸುವವನೆಂದು ಸಂಸ್ಕರಿಸಿತು. ಆದರೆ ೧೯೮೫ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯ ಮೇರೆಗೆ ಪಕ್ಷದ ನಿರ್ದೇಶಕ್ಕೆ ವಿರುದ್ಧವಾಗಿ ಮತಹಾಕಿದವನ ಸದಸ್ಯತ್ವವೇ ಹೋಗಬಹುದು. ಪಕ್ಷವನ್ನು ತೊರೆದವನಿಗೂ ಅದೇ ಗತಿ: ೨೦೧೯ರ ಜುಲೈಯಲ್ಲಿ ನಮ್ಮ ಸಭಾಧ್ಯಕ್ಷರು ೧೭ ಮಂದಿಯನ್ನು ಅನರ್ಹಗೊಳಿಸಿದರು, ಅದೇ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅನರ್ಹತೆಯನ್ನು ಎತ್ತಿಹಿಡಿದು, ಅವರು ಉಪಚುನಾವಣೆಗೆ ನಿಲ್ಲಬಹುದೆಂದಿತು. ಮತವನ್ನು ಮಾರಿಕೊಳ್ಳುವವರಿಗೆ ಅಂಕುಶವು ಬೇಕು, ನಿಜ. ಆದರೆ ವಿಧೇಯಕವೊಂದನ್ನು ಪರ್ಯಾಲೋಚಿಸುವಾಗಲೂ ನಿರ್ದೇಶವೇ ನಡೆಯುವುದಾದರೆ ‘ಶಾಸಕ’ನು ಮನೆಯೊಳಗೆ ಪಕ್ಷಕ್ಕೆ ವಿಧೇಯನು, ಊರಿನಲ್ಲಿ ಮಾತ್ರ ಶಾಸಕನು ಎಂದಾಗುವುದು.

ಉಡುಪಿಯ ಪಾಠಶಾಲೆಗಳಲ್ಲಿ ಓದಿದವರಿಗೆ ಶ್ರೀ ಮಧ್ವಾಚಾರ್ಯರ ‘ಕಥಾಲಕ್ಷಣ’ವೆಂಬ ಚಿಕ್ಕ ಗ್ರಂಥವು ಪರಿಚಿತವಾದುದು. ಅದರಲ್ಲಿ ತತ್ತ್ವನಿರ್ಣಯಕ್ಕಾಗಿ ನಡೆಯುವ ಕಥೆಯನ್ನು ವಾದವೆಂದೂ, ಖ್ಯಾತಿಗಾಗಿ ಅಥವಾ ಸ್ಪರ್ಧೆಯಿಂದ ನಡೆಯುವುದನ್ನು ಜಲ್ಪವೆಂದೂ ವಿಂಗಡಿಸಿದೆ. ತೀರ್ಪುಗಾರರಾದ ಪ್ರಾಶ್ನಿಕರು ರಾಗದ್ವೇಷರಹಿತರಾಗಿರಬೇಕು, ಒಬ್ಬನಿರಬೇಕು ಇಲ್ಲವೆ ಬೆಸಸಂಖ್ಯೆಯವರಿರಬೇಕು ಎಂದಿದೆ. ನಮ್ಮ ಸಭೆಯ ಸಂಖ್ಯೆಯೂ ನಾಮಕರಣಗೊಂಡ ಆಂಗ್ಲೋ ಇಂಡಿಯನ್ ಸದಸ್ಯರೊಬ್ಬರು ಸೇರಿ ೨೨೫ ಎಂಬ ಬೆಸಸಂಖ್ಯೆಯಾಗಿತ್ತು. ೨೦೨೦ರಲ್ಲಿ ಆ ನಾಮಕರಣದ ವಿಧಿಯು ನಿಂತು, ಅಂದಿನ ಸಭೆಯ ಅವಧಿ ಮುಗಿದ ಬಳಿಕ ಸಮಸಂಖ್ಯೆಯಾಯಿತು. ಹೇಗಿದ್ದರೂ ಮತಗಳು ಸಮವಾದಾಗ ಮಾತ್ರ ಸಭಾಧ್ಯಕ್ಷರು ನಿರ್ಣಾಯಕ ಮತವನ್ನು ಕೊಡುವರು. ಸಂಖ್ಯೆಗಿಂತ ಮುಖ್ಯವಾದುದು ಮೊದಲ ಭೇದವು. ವಾದದಲ್ಲಿ ಎದುರಾಳಿಯ ಮಾತು ಯುಕ್ತವೆನಿಸಿದರೆ ಒಪ್ಪುವುದಕ್ಕೆ ಅವಕಾಶವಿರಬೇಕು. ಅದಿಲ್ಲದ ಕಡೆ ಎಷ್ಟು ದೀರ್ಘವಾಗಿ ಮಾತಾಡಿದರೂ ಅದು ಜಲ್ಪವೇ.

ಹಾಗಾದರೆ ಯಾವ ಶಬ್ದವನ್ನು ಬಳಸಬೇಕು? ಹೊಸದನ್ನು ಕಟ್ಟಬೇಕಾಗಿಲ್ಲ. ‘ವಿಧಾನಸಭಾ ಸದಸ್ಯ’ ಎಂಬುದು ಬಳಕೆಯಲ್ಲಿರುವುದೇ. ಚಿಕ್ಕದು ಬೇಕೆಂದರೆ ‘ಸಭಾಸದ’ ಎನ್ನಬಹುದು. ಸಭೆಯಲ್ಲಿ ಸಾಧುವಾದವನೇ ‘ಸಭ್ಯ’ನೆಂದು ಪಾಣಿನಿಯ ಸೂತ್ರದಿಂದ ಸಿದ್ಧವಾಗುವ ಅರ್ಥವೂ ಇದರ ಬೆನ್ನಿಗಿದೆ, ಸಭಾಸದನಾದವನು ಸಭ್ಯನಾಗಿರಬೇಕೆಂಬ ವಿಧಿಯು ಶಬ್ದದಿಂದಲೇ ಲಭಿಸುವುದು. ಪತ್ರಿಕೆಗಳು ಒಂದೇ ದಿನದಲ್ಲಿ ರೂಢಿಯನ್ನು ಬಿಡಲಾರವು. ಆದರೆ ಪಠ್ಯಪುಸ್ತಕಗಳನ್ನೂ ನಿಘಂಟುಗಳನ್ನೂ ರಚಿಸುವವರು, ತರಗತಿಯಲ್ಲಿ ಪಾಠಹೇಳುವವರು ಈ ಪತ್ರಿಕೆಯ ವಾಚಕರೇ ಆಗಿರುವರು. ಅವರು ‘ಶಾಸಕ’ನನ್ನು ವೀರಪಾಂಡ್ಯನಂಥವರಿಗೆ ಬಿಟ್ಟು, ನಾವು ಆರಿಸಿ ಕಳುಹಿದವನನ್ನು ಸಭಾಸದನೆಂದು ಕರೆಯುವ ಅಭ್ಯಾಸವನ್ನು ಮಕ್ಕಳಲ್ಲಿ ಮಾಡಿಸಿದರೆ, ಮತಕೊಟ್ಟವನು ತಾನು ಶಾಸಿತನಲ್ಲವೆಂಬುದನ್ನು ಕನ್ನಡವೇ ಅವನಿಗೆ ಕಲಿಸಿಕೊಟ್ಟಂತಾಗುವುದು.