ಮಂಗನ ಚಿತ್ರದಲ್ಲಿ ಮರೆಯಾದ ಉಣುಗು

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ರೋಗವನ್ನು ಜನ ಮಂಗನ ಕಾಯಿಲೆ ಎಂದು ಕರೆದರು. ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದುದನ್ನು ಕಂಡವರ ಹೆಸರದು. 2015ರಲ್ಲಿ ಗೋವಾದ ಸತ್ತರಿ ತಾಲೂಕಿನ ಜನರನ್ನೂ ಈ ರೋಗ ಕಾಡಿತು. ಕಣ್ಣಿಗೆ ಬಿದ್ದುದನ್ನು ಹೇಳುವ ಈ ಹೆಸರು ಚಿತ್ರಕ್ಕಿಳಿದಾಗ ಮಾತ್ರ ಆರೋಪವಾಗುತ್ತದೆ.

ಈ ರೋಗದ ಕುರಿತ ತಿಳಿವಳಿಕೆ ಚಿತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ ರಚನೆಯೊಂದಿದೆ: ಮಂಗ, ಉಣುಗು, ಮನುಷ್ಯ, ನಡುವೆ ಬಾಣಗುರುತುಗಳು. ವಿಜ್ಞಾನದ ದೃಷ್ಟಿಯಿಂದ ಇದು ಸುಳ್ಳಲ್ಲ. ಆದರೆ ಮೂರನ್ನೂ ಒಂದೇ ಅಳತೆಯಲ್ಲಿ ಬರೆದಾಗ ನೋಡುಗನ ಮನಸ್ಸಿನಲ್ಲಿ ಉಳಿಯುವುದು ಪರಿಚಿತವಾದ ಮಂಗವೇ. ರೋಗಕ್ಕೆ ತಾನೂ ಬಲಿಯಾಗುವ ಪ್ರಾಣಿ ಅಪರಾಧಿಯ ಸ್ಥಾನದಲ್ಲಿ ನಿಲ್ಲುತ್ತದೆ.

ಉಣುಗಿನ ಚಿತ್ರಣದಲ್ಲಿ ಇನ್ನೂ ದೊಡ್ಡ ಕೊರತೆಯಿದೆ. ಉಣುಗು ಕೀಟವಲ್ಲ, ಜೇಡದ ಬಳಗಕ್ಕೆ ಸೇರಿದ್ದು. ಅದರ ಮರಿಗೆ ಆರು ಕಾಲು. ಮುಂದಿನ ಹಂತದ ಎಳೆಯ ಉಣುಗಿಗೂ ಬೆಳೆದದ್ದಕ್ಕೂ ಎಂಟು. ಮನುಷ್ಯನಿಗೆ ರೋಗ ತಗಲಿಸುವುದು ಮುಖ್ಯವಾಗಿ ಸುಲಭವಾಗಿ ಕಣ್ಣಿಗೆ ಬೀಳದ ಆ ಎಳೆಯ ಉಣುಗು. ಚಿತ್ರದಲ್ಲಿ ರಕ್ತ ಹೀರಿ ಉಬ್ಬಿದ ದೊಡ್ಡ ಉಣುಗನ್ನು ತೋರಿಸಿದರೆ, ನೋಡಿದವನು ಅಂಥದ್ದನ್ನೇ ಮೈಮೇಲೆ ಹುಡುಕುತ್ತಾನೆ. ಕಾಣದಿದ್ದರೆ ಅಪಾಯವಿಲ್ಲವೆಂದು ತಿಳಿಯುತ್ತಾನೆ. ಹಿಗ್ಗಿಸಿದ ಚಿತ್ರದ ಪಕ್ಕದಲ್ಲಿ ನಿಜವಾದ ಗಾತ್ರದ ಚುಕ್ಕೆಯೊಂದಿಲ್ಲದಿದ್ದರೆ ಅಂಗರಚನೆ ಎಷ್ಟು ನಿಖರವಾಗಿದ್ದರೂ ಎಚ್ಚರಿಕೆ ವಿಫಲವೇ.

ಸನ್ನಿವೇಶವೂ ಸ್ಥಳೀಯವಾಗಬೇಕು. ಮಲೆನಾಡಿನ ಚಿತ್ರದಲ್ಲಿ ಸೌದೆ ಹೊತ್ತ ಹೆಂಗಸು ಸಹಜ. ಗೋವಾದಲ್ಲಿ ಅದೇ ಸ್ಥಾನಕ್ಕೆ ಗೇರು ತೋಟದ ಕೆಲಸಗಾರರು ಬರಬೇಕು. ಫೆನಿಗಾಗಿ ನೆಲಕ್ಕುದುರಿದ ಗೇರುಹಣ್ಣನ್ನು ಆಯುವ ಕೈ ತರಗೆಲೆಯ ನಡುವೆಯೇ ಆಡುತ್ತದೆ. ಆ ಬೇಸಿಗೆಯ ಸುಗ್ಗಿಯೇ ರೋಗದ ಕಾಲವೂ ಹೌದು. ಬಾಣಗುರುತಿನ ತುದಿ ಮುಟ್ಟಬೇಕಾದದ್ದು ಆ ಕೈಯನ್ನು. ಸತ್ತ ಮಂಗವನ್ನು ಬರೆಯುವುದಾದರೆ, ಅದರ ಮೈಬಿಟ್ಟು ಸುತ್ತಲಿನ ನೆಲಕ್ಕಿಳಿಯುವ ಉಣುಗುಗಳನ್ನೂ ಬರೆಯಬೇಕು. ದೂರವಿರಬೇಕೆಂಬ ಮಾತಿಗೆ ಆಗ ಕಾರಣ ಸಿಗುತ್ತದೆ.

ಕೊನೆಯದು ಭಾಷೆಯ ಮಾತು. ಗೋವಾದಲ್ಲಿ ದುಡಿಯುವ ಕನ್ನಡಿಗರಲ್ಲಿ ಅನೇಕರು ಉತ್ತರ ಕರ್ನಾಟಕದವರು. ಮಲೆನಾಡಿನ ಉಣುಗು ಎಂಬ ಪದ ಅವರಿಗೆ ಅಪರಿಚಿತವಾಗಿರಬಹುದು. ಉಣ್ಣಿ ಎಂದರೆ ದನದ ಮೈಮೇಲಿನ ದಪ್ಪ ಜೀವಿಯೇ ನೆನಪಾಗಬಹುದು. ಕೊಂಕಣಿ, ಮರಾಠಿಗಳ ಜೊತೆಗೆ ಕನ್ನಡದ ಒಂದು ಸಾಲನ್ನೂ, ಎರಡೂ ಪದಗಳನ್ನು ಬಳಸಿ, ಚಿತ್ರದಡಿ ಬರೆಯುವುದು ಔದಾರ್ಯವಲ್ಲ. ಅದು ಚಿಕಿತ್ಸೆಯ ಮೊದಲ ಹೆಜ್ಜೆ.