ಆರ್-ಫರಜೋನನ ಆಳ್ವಿಕೆ: ಒಂದು ವಿವೇಚನೆ

ಕಲ್ಪಿತ ಲೋಕದ ಅರಸನ ಚರಿತ್ರೆಯೂ ವಿಮರ್ಶೆಯ ವಿಷಯವಾಗಬಲ್ಲುದು. ಆದರೆ ಅವನ ಪತನಕ್ಕೆ ಹೊಣೆ ಯಾರದೆಂಬ ಪ್ರಶ್ನೆಗೆ ಕೃತಿಯೊಳಗೇ ಉತ್ತರ ದೊರೆಯಬೇಕು. ಜೆ. ಆರ್. ಆರ್. ಟೋಲ್ಕೀನ್ (1892–1973) ಸೃಷ್ಟಿಸಿದ ನ್ಯೂಮೆನೋರ್ ದ್ವೀಪದ ಕೊನೆಯ ದೊರೆ ಆರ್-ಫರಜೋನನನ್ನು ಕುರಿತು ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ. ಅವನ ವೃತ್ತಾಂತವು 1955ರಲ್ಲಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಗ್ರಂಥದ ಅನುಬಂಧದಲ್ಲಿ ಸಂಕ್ಷೇಪವಾಗಿ ಬಂದಿತು. ಅದರ ವಿಸ್ತೃತ ರೂಪವು ಗ್ರಂಥಕರ್ತನ ಮರಣಾನಂತರ, 1977ರಲ್ಲಿ, ಮಗ ಕ್ರಿಸ್ಟೋಫರ್ ಸಂಪಾದಿಸಿದ ‘ದಿ ಸಿಲ್ಮರಿಲಿಯನ್’ನಲ್ಲಿ ಪ್ರಕಟವಾಯಿತು.

ಸೌರಾನನೆಂಬ ಮಾಯಾವಿಯ ದುರ್ಬೋಧನೆಯೇ ಅರಸನನ್ನು ಕೆಡಿಸಿತೆಂದು ಮೊದಲ ಓದಿಗೆ ತೋರುತ್ತದೆ. ಇದಕ್ಕೆ ಆಧಾರವಿಲ್ಲದಿಲ್ಲ. ಸೆರೆಯಾಳಾಗಿ ಬಂದ ಸೌರಾನನು ಮೂರು ವರ್ಷ ತುಂಬುವ ಮೊದಲೇ ದೊರೆಯ ಆಪ್ತ ಸಲಹೆಗಾರನಾಗುತ್ತಾನೆ; ಅವನ ಪ್ರೇರಣೆಯಿಂದ ಪವಿತ್ರವಾದ ಶ್ವೇತವೃಕ್ಷವು ಉರುಳುತ್ತದೆ, ಹೊಸ ದೇಗುಲದಲ್ಲಿ ನರಬಲಿ ನಡೆಯುತ್ತದೆ. ಆದರೆ ಘಟನೆಗಳ ಅನುಕ್ರಮವು ಬೇರೊಂದನ್ನು ಹೇಳುತ್ತದೆ. ಸೌರಾನನು ದ್ವೀಪವನ್ನು ಮೆಟ್ಟುವ ಮೊದಲೇ ಫರಜೋನನು ದೊಡ್ಡಪ್ಪನ ಮಗಳಾದ ಮಿರಿಯೆಲಳಿಗೆ ಸಲ್ಲಬೇಕಾದ ರಾಜದಂಡವನ್ನು ಕಸಿದುಕೊಂಡಿದ್ದಾನೆ. ಸಮೀಪ ಬಂಧುಗಳ ವಿವಾಹವನ್ನು ನಿಷೇಧಿಸಿದ ಕಟ್ಟಳೆಯನ್ನು ಮೀರಿ, ಅವಳ ಇಚ್ಛೆಗೆ ವಿರುದ್ಧವಾಗಿ ಅವಳನ್ನು ಮದುವೆಯಾಗಿದ್ದಾನೆ.

1996ರಲ್ಲಿ ಪ್ರಕಟವಾದ ‘ದಿ ಪೀಪಲ್ಸ್ ಆಫ್ ಮಿಡ್ಲ್-ಅರ್ತ್’ ಸಂಪುಟದ ಟಿಪ್ಪಣಿಗಳಲ್ಲಿ ಮಿರಿಯೆಲಳೇ ಅವನಿಗೆ ಒಲಿದಳೆಂಬ ಪಾಠಾಂತರವೂ ಇದೆ. ನಾವು 1977ರ ಪಾಠವೇ ಉತ್ತಮವೆನ್ನುತ್ತೇವೆ. ತನ್ನದಲ್ಲದುದನ್ನು ಬಲದಿಂದ ಪಡೆಯಬಹುದೆಂಬ ನಂಬಿಕೆಯಲ್ಲಿ ಈ ಆಳ್ವಿಕೆ ಆರಂಭವಾಗಿ, ಅದೇ ನಂಬಿಕೆಯಲ್ಲಿ ಕೊನೆಗೊಳ್ಳುತ್ತದೆ. ರಾಜದಂಡವನ್ನು ಕಸಿದವನೇ ಮುದಿತನದಲ್ಲಿ ಅಮರತ್ವವನ್ನೂ ಕಸಿಯಲು ನೌಕಾಪಡೆಯೊಡನೆ ಹೊರಡುತ್ತಾನೆ. ಒಲಿದು ವರಿಸಿದಳೆಂದರೆ ಈ ಕಾರ್ಯಕಾರಣ ಸಂಬಂಧವು ಸಡಿಲವಾಗುತ್ತದೆ.

ಮರಣಭಯವು ಅವನೊಬ್ಬನದೇ ಅಲ್ಲವೆಂಬುದೂ ನಿಜ. ಹಿಂದಿನ ದೊರೆ ತಾರ್-ಅತನಮೀರನ ಕಾಲದಿಂದಲೇ ಆ ಭಯ ಜನಾಂಗವನ್ನು ಹಿಡಿದಿತ್ತು. ಸೌರಾನನು ಅದನ್ನು ಬಳಸಿಕೊಂಡನೇ ಹೊರತು ಹುಟ್ಟಿಸಲಿಲ್ಲ.

ನಮ್ಮ ವಾದಕ್ಕೆ ಬಲವಾದ ಸಾಕ್ಷ್ಯವು ಕಥೆಯ ಕೊನೆಯಲ್ಲಿದೆ. ನಿಷಿದ್ಧವಾದ ಅಮಾನ್ ತೀರದ ಮುಂದೆ ಅರಸನು ಅಳುಕುತ್ತಾನೆ, ಹಿಂದಿರುಗುವುದರಲ್ಲಿದ್ದಾನೆ. ಆಗ ಸೌರಾನನು ಅವನ ಬಳಿಯಲ್ಲಿಲ್ಲ, ದೂರದ ದ್ವೀಪದ ದೇಗುಲದಲ್ಲಿದ್ದಾನೆ. ಬೋಧಕನಿಲ್ಲದ ಆ ಕ್ಷಣದಲ್ಲಿ ಅರಸನು ತನ್ನ ಅಹಂಕಾರದಿಂದಲೇ ಮುಂದಡಿಯಿಡುತ್ತಾನೆ. ದಂಡನೆಯೂ ದೋಷಕ್ಕೆ ಅನುರೂಪವಾಗಿದೆ: ಕುಸಿದ ಬೆಟ್ಟಗಳ ಕೆಳಗೆ, ಅಂತಿಮ ಯುದ್ಧದವರೆಗೆ, ಅವನು ತನ್ನ ಯೋಧರೊಡನೆ ಸೆರೆಯಲ್ಲಿರುತ್ತಾನೆ. ಸಾವನ್ನು ತಪ್ಪಿಸಿಕೊಳ್ಳಹೊರಟವನಿಗೆ ಬಾಳೂ ಇಲ್ಲ, ಬಿಡುಗಡೆಯೂ ಇಲ್ಲ.

ಆದರೂ ಒಂದು ಕೊರತೆಯನ್ನು ಹೇಳಲೇಬೇಕು. ಸಿಂಹಾಸನ ನ್ಯಾಯವಾಗಿ ಯಾರದೋ ಆ ಮಿರಿಯೆಲಳಿಗೆ ಈ ಕಥನವು ಒಂದು ಮಾತನ್ನೂ ಕೊಡುವುದಿಲ್ಲ. ಪ್ರಳಯದ ಅಲೆಯ ಮುಂದೆ ಅವಳು ಪವಿತ್ರ ಪರ್ವತವನ್ನೇರಲು ಯತ್ನಿಸುತ್ತಾಳೆ. ಅವಳ ಕೂಗು ಗಾಳಿಯ ಅಬ್ಬರದಲ್ಲಿ ಅಡಗಿಹೋಗುತ್ತದೆ. ಅರಸನು ತಾನು ಆರಿಸಿಕೊಂಡ ದಾರಿಯಲ್ಲಿ ಅಳಿದನು. ಅವಳಿಗೆ ಆರಿಸಿಕೊಳ್ಳುವ ಅವಕಾಶವೇ ಇರಲಿಲ್ಲ. ಈ ಆಳ್ವಿಕೆಯ ಅನ್ಯಾಯವನ್ನು ಅಳೆಯುವವರು ಅರಸನಿಗಿಂತ ಮೊದಲು ಅವಳನ್ನು ನೆನೆಯಬೇಕೆಂದು ನಮ್ಮ ಅಭಿಪ್ರಾಯ.