ಅರಮನೆಯ ಪಿಂಗಾಣಿ, ಜೀತದಾಳಿನ ಕೈ

ಅರಮನೆಯೊಂದು ವಸ್ತುಸಂಗ್ರಹಾಲಯವಾದರೆ ಅದು ಜನರ ಸ್ವತ್ತಾಯಿತು ಎಂದು ನಾವು ಸುಲಭವಾಗಿ ಒಪ್ಪಿಕೊಂಡುಬಿಡುತ್ತೇವೆ. ಟಿಕೆಟು ಕೊಂಡು ಯಾರು ಬೇಕಾದರೂ ಒಳಗೆ ಹೋಗಬಹುದು, ನಿಜ. ಆದರೆ ಒಳಗಿನ ಸೌಂದರ್ಯ ಯಾರದು ಎಂಬ ಪ್ರಶ್ನೆಗೆ ಅಷ್ಟರಿಂದಲೇ ಉತ್ತರ ಸಿಗುವುದಿಲ್ಲ. ಮಾಸ್ಕೋದ ಪೂರ್ವ ಭಾಗದಲ್ಲಿರುವ ಕುಸ್ಕೊವೊ ಅರಮನೆಯ ಚರಿತ್ರೆ ಈ ಮಾತಿಗೆ ಒಳ್ಳೆಯ ಸಾಕ್ಷಿ.

ಕುಸ್ಕೊವೊ ಶೆರೆಮೆತೆವ್ ಎಂಬ ಶ್ರೀಮಂತ ಮನೆತನದ ಬೇಸಿಗೆಯ ಬಿಡಾರವಾಗಿತ್ತು. ಕೊಳದ ದಂಡೆಯ ಮೇಲಿನ ಈ ಅರಮನೆಯನ್ನು ಕೌಂಟ್ ಪ್ಯೋತ್ರ್ ಶೆರೆಮೆತೆವ್ 1769ರಿಂದ 1775ರ ಅವಧಿಯಲ್ಲಿ ಕಟ್ಟಿಸಿದ. ನೋಡಲು ಕಲ್ಲಿನದೆನಿಸಿದರೂ ಅದು ಗಾರೆ ಬಳಿದ ಮರದ ಕಟ್ಟಡ. 1743ರಲ್ಲಿ ಅವನು ವರ್ವಾರಾ ಚೆರ್ಕಾಸ್ಕಾಯಾಳನ್ನು ಮದುವೆಯಾದಾಗ ಬಳುವಳಿಯಾಗಿ ಜಮೀನು ಬಂತು, ಜಮೀನಿನ ಜೊತೆ ಜೀತದಾಳುಗಳೂ ಬಂದರು. ಹಾಗೆ ಬಂದವರಲ್ಲಿ ಆರ್ಗುನೊವ್ ಕುಟುಂಬವೂ ಒಂದು. ತೋಟದ ಚಿಪ್ಪಿನ ಗುಹಾಮನೆಯನ್ನೂ ಗಿಡಗಳನ್ನು ಕಾಪಾಡುವ ಗಾಜಿನ ಮನೆಯನ್ನೂ ರೂಪಿಸಿದವನು ಫ್ಯೋದರ್ ಆರ್ಗುನೊವ್. ಇವಾನ್ ಆರ್ಗುನೊವ್ ಆ ಕಾಲದ ದೊಡ್ಡ ಚಿತ್ರಕಾರ. ಇಬ್ಬರೂ ಕಾನೂನಿನ ಪ್ರಕಾರ ಯಜಮಾನನ ಆಸ್ತಿ.

ಇವಾನ್ 1767ರಲ್ಲಿ ಬರೆದ ಒಂದು ಚಿತ್ರ ಕುಸ್ಕೊವೊದಲ್ಲಿದೆ. ಅನ್ನುಷ್ಕಾ ಎಂಬ ಕಾಲ್ಮಿಕ್ ಹುಡುಗಿ, ಮನೆಯೊಡತಿಯ ಆಶ್ರಯದಲ್ಲಿ ಬೆಳೆದವಳು, ಕೈಯಲ್ಲಿ ಆ ಒಡತಿಯ ಚಿತ್ರವನ್ನೇ ಹಿಡಿದು ನಿಂತಿದ್ದಾಳೆ. ಬರೆದವನೂ ಸ್ವತಂತ್ರನಲ್ಲ, ಬರೆಸಿಕೊಂಡವಳೂ ತನ್ನ ಗುರುತನ್ನು ಕೈಯಲ್ಲಿ ಹಿಡಿದಿಲ್ಲ.

ಕುಸ್ಕೊವೊದ ರಂಗಭೂಮಿಯ ಕತೆಯೂ ಇದೇ. ಕಮ್ಮಾರನ ಮಗಳು ಪ್ರಸ್ಕೋವ್ಯಾ ಕೊವಲ್ಯೋವಾ ಜೀತದಾಳುಗಳ ನಾಟಕ ತಂಡದ ಮೇರು ಗಾಯಕಿ. ಮುತ್ತು ಎಂಬರ್ಥದ 'ಝೆಮ್ಚುಗೊವಾ' ಆಕೆಯ ರಂಗನಾಮ. 1787ರಲ್ಲಿ ಮಹಾರಾಣಿ ಕ್ಯಾಥರೀನ್ ಆಕೆಯ ಅಭಿನಯ ನೋಡಿ ಮೆಚ್ಚಿದಳು. ಪ್ಯೋತ್ರ್‌ನ ಮಗ ನಿಕೊಲಾಯ್ ಆಕೆಯನ್ನು ಪ್ರೀತಿಸಿ, 1798ರಲ್ಲಿ ಬಿಡುಗಡೆ ಮಾಡಿ, 1801ರಲ್ಲಿ ಗುಟ್ಟಾಗಿ ಮದುವೆಯಾದ. 1803ರಲ್ಲಿ ಮಗನನ್ನು ಹೆತ್ತ ಕೆಲವೇ ವಾರಗಳಲ್ಲಿ ಆಕೆ ತೀರಿಕೊಂಡಳು. ಈ ಪ್ರೇಮಕತೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ಇವಾನ್ ಆರ್ಗುನೊವ್ 1802ರಲ್ಲಿ ಜೀತದಾಳಾಗಿಯೇ ಸತ್ತ ಎಂಬುದನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. ಒಡೆಯನ ಮನಸ್ಸು ಕರಗಿದರೆ ಒಬ್ಬಳಿಗೆ ಬಿಡುಗಡೆ. ಅದು ಕರುಣೆ, ನ್ಯಾಯವಲ್ಲ. ನ್ಯಾಯದ ಮೊದಲ ಹೆಜ್ಜೆಗೆ ರಷ್ಯಾದ ರೈತ 1861ರವರೆಗೆ ಕಾಯಬೇಕಾಯಿತು.

ಇನ್ನು ಪಿಂಗಾಣಿಯ ವಿಷಯ. ಅಲೆಕ್ಸೇಯ್ ಮೊರೊಜೊವ್ ಬಟ್ಟೆ ಗಿರಣಿಗಳ ಮನೆತನದವನು. ಅವನು ಜೀವಮಾನವಿಡೀ ಕೂಡಿಸಿದ ಪಿಂಗಾಣಿಯನ್ನು ಕ್ರಾಂತಿಯ ನಂತರ, 1918ರಲ್ಲಿ ಸರಕಾರ ವಶಪಡಿಸಿಕೊಂಡಿತು. ತನ್ನದೇ ಸಂಗ್ರಹಕ್ಕೆ ಅವನು ನೌಕರನಾಗಿ ಕಾವಲು ಕುಳಿತ. ಅದೇ ವರ್ಷ ಕುಸ್ಕೊವೊ ಕೂಡ ರಾಷ್ಟ್ರೀಕರಣವಾಗಿತ್ತು. 1932ರಲ್ಲಿ ಪಿಂಗಾಣಿ ಸಂಗ್ರಹ ಅಲ್ಲಿಗೆ ಬಂತು, 1938ರಲ್ಲಿ ಎರಡೂ ಸೇರಿ ಒಂದೇ ಸಂಸ್ಥೆಯಾದವು.

ಅಲ್ಲಿನ ಅಮೂಲ್ಯ ವಸ್ತುಗಳಲ್ಲಿ ಫ್ರಾನ್ಸಿನ ಸೇವ್ರ್ ಕಾರ್ಖಾನೆಯ 'ಈಜಿಪ್ಟ್ ಊಟದ ಸೆಟ್' ಒಂದು. 1798ರಲ್ಲಿ ನೆಪೋಲಿಯನ್ ಈಜಿಪ್ಟಿನ ಮೇಲೆ ದಂಡೆತ್ತಿ ಹೋದಾಗ ಜೊತೆಗಿದ್ದ ವಿವಾಂ ದೆನೊನ್ ಬಿಡಿಸಿದ ದೇಗುಲಗಳ, ನದಿದಂಡೆಯ ದೃಶ್ಯಗಳು ಆ ತಟ್ಟೆಗಳ ಮೇಲಿವೆ. ನೆಪೋಲಿಯನ್ ಅದನ್ನು ಸ್ನೇಹದ ಕಾಣಿಕೆಯಾಗಿ ಝಾರ್ ಒಂದನೆಯ ಅಲೆಕ್ಸಾಂಡರನಿಗೆ 1808ರಲ್ಲಿ ಕಳಿಸಿದ. ನಾಲ್ಕೇ ವರ್ಷಗಳಲ್ಲಿ ಅವನ ಸೈನ್ಯ ರಷ್ಯಾಕ್ಕೆ ನುಗ್ಗಿ ಕುಸ್ಕೊವೊವನ್ನೂ ಲೂಟಿ ಮಾಡಿತು. ಲೂಟಿಯಾದ ಮನೆಯಲ್ಲೇ ಈಗ ಲೂಟಿಕೋರನ ಉಡುಗೊರೆ ಇದೆ. ಗೆದ್ದವನ ಊಟದ ಮೇಜಿಗೆ ದಾಳಿಗೊಳಗಾದ ನಾಡು ಅಲಂಕಾರವಾಗಿ ಬರುವುದು ವಿಪರ್ಯಾಸವಲ್ಲ, ವಾಡಿಕೆ.

ಕ್ರಾಂತಿಯ ನಂತರದ ಪಿಂಗಾಣಿಯೂ ಇಂಥ ಗೊಂದಲದಿಂದ ಪಾರಾಗಲಿಲ್ಲ. ಪೆತ್ರೊಗ್ರಾದಿನ ಸರಕಾರಿ ಕಾರ್ಖಾನೆಯಲ್ಲಿ ಝಾರ್ ಕಾಲದ ಖಾಲಿ ತಟ್ಟೆಗಳು ರಾಶಿ ಬಿದ್ದಿದ್ದವು. ಅವುಗಳ ಮೇಲೆಯೇ ಕ್ರಾಂತಿಯ ಘೋಷಣೆಗಳನ್ನು ಬರೆದರು. ದುಡಿಯದವನಿಗೆ ಊಟವಿಲ್ಲ ಎಂಬ ಅರ್ಥದ ಬರಹವಿದ್ದ ತಟ್ಟೆ 1921ರಲ್ಲಿ ಬಂತು. ಅದೇ ವರ್ಷ ವೋಲ್ಗಾ ಪ್ರದೇಶದಲ್ಲಿ ದುಡಿದವರೂ ಹಸಿವಿನಿಂದ ಸತ್ತರು. ಆ ತಟ್ಟೆಗಳಲ್ಲಿ ಊಟ ಮಾಡಿದವರು ಕಡಿಮೆ, ಕೊಂಡು ಕೂಡಿಟ್ಟವರೇ ಹೆಚ್ಚು.

ಇಷ್ಟೆಲ್ಲ ಹೇಳಿದ್ದು ಕುಸ್ಕೊವೊವನ್ನು ಹಳಿಯಲಿಕ್ಕಲ್ಲ. ಅಲ್ಲಿಯ ಸೌಂದರ್ಯ ಸುಳ್ಳಲ್ಲ. ಅದನ್ನು ಕೆಡವಿದ್ದರೆ ಆರ್ಗುನೊವ್‌ನ ಕೆಲಸವೂ ಅಳಿಯುತ್ತಿತ್ತು. ಉಳಿಸಿದ್ದರಿಂದಲೇ ಅವನ ಹೆಸರು ನಮಗೆ ಸಿಕ್ಕಿದೆ. ಆದರೆ ಶೆರೆಮೆತೆವ್ ಮನೆತನಕ್ಕೆ ಸುಮಾರು ಎರಡು ಲಕ್ಷ ಜೀತದಾಳುಗಳಿದ್ದರು. ಅವರಲ್ಲಿ ನಮಗೆ ಹೆಸರಿಂದ ಗೊತ್ತಿರುವವರು ಬೆರಳೆಣಿಕೆಯಷ್ಟು ಮಂದಿ. ಪಿಂಗಾಣಿ ಬಲ್ಲವರು ತಟ್ಟೆಯ ಚಿತ್ರ ನೋಡಿ ಸುಮ್ಮನಾಗುವುದಿಲ್ಲ, ತಿರುವಿ ಹಾಕಿ ಅಡಿಯ ಮುದ್ರೆ ನೋಡುತ್ತಾರೆ. ಅರಮನೆಗಳನ್ನೂ ಹಾಗೆಯೇ ನೋಡುವುದನ್ನು ನಾವು ಕಲಿಯಬೇಕು.